ಟೇಬಲ್ ಟಾಪರ್‌ಗೆ ಕಪ್ ಸಿಗಲಿಲ್ಲ: 1953–54ರ ರಗ್ಬಿ ಲೀಗ್ ಸೀಸನ್ನಿನ ಲೆಕ್ಕ

ಮೊದಲು ಮೂರು ಸ್ಕೋರ್ ನೋಡಿ. 4–4. 8–4. 8–7.

ಮೂರೂ ಅದೇ ಎರಡು ತಂಡಗಳ ಪಂದ್ಯ: ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್. ಮೊದಲನೆಯದು ನಡೆದದ್ದು 1954ರ ಏಪ್ರಿಲ್ 24ರಂದು ಲಂಡನ್ನಿನಲ್ಲಿ, ಎರಡನೆಯದು ಮೇ 5ರಂದು ಬ್ರಾಡ್‌ಫರ್ಡ್‌ನಲ್ಲಿ, ಮೂರನೆಯದು ಮೇ 8ರಂದು ಮ್ಯಾಂಚೆಸ್ಟರ್‌ನಲ್ಲಿ. ಅಂದರೆ ಎರಡೇ ವಾರದಲ್ಲಿ ಎಲ್ಲ ಮುಗಿಯಿತು. ಮುಗಿಯುವ ಹೊತ್ತಿಗೆ ಇಂಗ್ಲಿಷ್ ರಗ್ಬಿ ಲೀಗ್‌ನ ಎರಡು ದೊಡ್ಡ ಟ್ರೋಫಿಗಳೂ ವಾರಿಂಗ್ಟನ್ ಪಾಲಾಗಿದ್ದವು. ಸೀಸನ್ನಿನ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿದ್ದು ಹ್ಯಾಲಿಫ್ಯಾಕ್ಸ್. ಆದರೆ ಆ ಎರಡರಲ್ಲಿ ಒಂದೂ ಅದಕ್ಕೆ ದಕ್ಕಲಿಲ್ಲ.

ಮೊದಲ ಸ್ಥಾನ ಬಂದವರೇ ಚಾಂಪಿಯನ್ ಅಲ್ವಾ? ಐಪಿಎಲ್ ನೋಡಿ ಅಭ್ಯಾಸ ಇರುವವರು ಈ ಪ್ರಶ್ನೆ ಕೇಳುವುದಿಲ್ಲ. ಪಟ್ಟಿ ಬೇರೆ, ಕಪ್ ಬೇರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ 1953–54ರ ರಗ್ಬಿ ಲೀಗ್ ಸೀಸನ್ ಅದಕ್ಕಿಂತಲೂ ಗೋಜಲು. ಅಲ್ಲಿ ಒಂದೇ ಪಂದ್ಯವನ್ನು ಎರಡೆರಡು ಖಾತೆಯಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಮೊದಲ ಸಲ ಆ ವರ್ಷದ ಪಟ್ಟಿ ತೆಗೆದು ನೋಡಿದಾಗ ಯಾರು ಏನು ಗೆದ್ದರು ಅಂತ ತಿಳಿಯೋಕೇ ಸುಮಾರು ಹೊತ್ತು ಹಿಡಿಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದು ಯಾವ ರಗ್ಬಿ?

ರಗ್ಬಿಯಲ್ಲಿ ಎರಡು ಬಗೆ. ಒಂದು ಯೂನಿಯನ್, ಇನ್ನೊಂದು ಲೀಗ್. ಇವು ಬೇರೆಯಾದದ್ದು ದುಡ್ಡಿನ ವಿಷಯಕ್ಕೆ.

19ನೇ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಹೆಚ್ಚಿನವರು ಗಣಿ, ಗಿರಣಿಗಳಲ್ಲಿ ದುಡಿಯುವವರು. ಶನಿವಾರ ಆಡಬೇಕೆಂದರೆ ಅವತ್ತಿನ ಕೂಲಿ ಬಿಡಬೇಕು. ಆ ಕೂಲಿಯನ್ನು ನಾವು ತುಂಬಿಕೊಡುತ್ತೇವೆ ಅಂತ ಉತ್ತರದ ಕ್ಲಬ್‌ಗಳು ಹೇಳಿದವು. ಆಟಕ್ಕೆ ಕಾಸು ಕೊಡುವುದು ಅಂದರೆ ಆಟಕ್ಕೇ ಅವಮಾನ ಅಂತ ಲಂಡನ್ನಿನ ದೊರೆಗಳು ಹೇಳಿದರು. ಹೊಟ್ಟೆ ತುಂಬಿದವರಿಗೆ ಹಾಗೆ ಹೇಳುವುದು ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆ ಸಂಘ ಕಟ್ಟಿಕೊಂಡವು. ಹೆಸರು ನಾರ್ದರ್ನ್ ಯೂನಿಯನ್. ಬಿಟ್ಟ ಕೂಲಿಗೆ ದಿನಕ್ಕೆ 6 ಶಿಲಿಂಗ್ ತನಕ ಕೊಡಬಹುದು ಅಂತ ಒಪ್ಪಿದರು. 1922ರಲ್ಲಿ ಈ ಸಂಘವೇ ರಗ್ಬಿ ಫುಟ್‌ಬಾಲ್ ಲೀಗ್ ಅಂತ ಹೆಸರು ಬದಲಿಸಿಕೊಂಡಿತು.

ಟಿಕೆಟ್ ಕೊಟ್ಟು ಬರುವ ಜನಕ್ಕೆ ಆಟ ಚೆನ್ನಾಗಿ ಕಾಣಬೇಕಲ್ಲ? ಅದಕ್ಕೆ ನಿಯಮಗಳನ್ನೂ ಬದಲಿಸುತ್ತಾ ಹೋದರು. 1906ರಲ್ಲಿ ತಂಡಕ್ಕೆ 15 ಜನ ಇದ್ದದ್ದು 13 ಆಯಿತು. ಚೆಂಡು ಹಿಡಿದವನನ್ನು ಕೆಡವಿದರೆ, ಯೂನಿಯನ್‌ನಲ್ಲಿ ಆಗುವ ಹಾಗೆ ಎಲ್ಲರೂ ಅವನ ಮೇಲೆ ಗುಂಪು ಬೀಳುವಂತಿಲ್ಲ. ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದೆ ಉರುಳಿಸಬೇಕು. ಅಲ್ಲಿಂದ ಆಟ ಮುಂದುವರಿಯುತ್ತದೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ಆಗೆಲ್ಲ ಅದಕ್ಕೆ 3 ಅಂಕ. ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ ‘ಗೋಲ್’, ಅದಕ್ಕೆ 2.

1950ರ ದಶಕಕ್ಕೆ ಬಂದರೂ ಪ್ರೊಫೆಷನಲ್ ಅಂದರೆ ಇವತ್ತಿನ ಅರ್ಥ ಅಲ್ಲ. ವಾರವಿಡೀ ಕಾರ್ಖಾನೆ ಕೆಲಸ, ಸಂಜೆ ಪ್ರಾಕ್ಟೀಸ್, ಶನಿವಾರ ಪಂದ್ಯ. ಗೆದ್ದರೆ ಒಂದು ಸಂಬಳ, ಸೋತರೆ ಅದಕ್ಕಿಂತ ಕಡಿಮೆ. ಹಾಗಾಗಿ ಕೊನೇ ನಿಮಿಷದ ಒಂದು ಪೆನಾಲ್ಟಿ ಅಂದರೆ ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಮನೆ ಖರ್ಚಿನ ಪ್ರಶ್ನೆಯೂ ಹೌದು. ಲೀಗ್‌ಗೆ ಬಂದ ಯೂನಿಯನ್ ಆಟಗಾರನನ್ನು ಯೂನಿಯನ್‌ನವರು ಜೀವನಪರ್ಯಂತ ಹೊರಗಿಡುತ್ತಿದ್ದರು. ಆದರೂ ವೇಲ್ಸ್‌ನಿಂದ ಹುಡುಗರು ಉತ್ತರಕ್ಕೆ ಬರುವುದು ನಿಲ್ಲಲಿಲ್ಲ. ಹ್ಯಾಲಿಫ್ಯಾಕ್ಸ್ ತಂಡದಲ್ಲೇ ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆರ್ಥರ್ ಡೇನಿಯಲ್ಸ್, ಗೋಲ್ ಒದೆಯುವ ಟಿಸಲ್ ಗ್ರಿಫಿತ್ಸ್, ಫಾರ್ವರ್ಡ್ ಜಾನ್ ಥಾರ್ಲಿ, ಮೂವರೂ ವೇಲ್ಸ್‌ನವರು.

ಒಂದು ಪಂದ್ಯ, ಎರಡು ಖಾತೆ

ಈಗ ಲೆಕ್ಕಕ್ಕೆ ಬರೋಣ. ಆ ಸೀಸನ್ನಿನಲ್ಲಿ ಲೀಗಿನಲ್ಲಿದ್ದದ್ದು 30 ತಂಡ. ಎಲ್ಲರೂ ಎಲ್ಲರ ಜೊತೆ, ತಮ್ಮ ಊರಲ್ಲೊಂದು ಅವರ ಊರಲ್ಲೊಂದು ಆಡಬೇಕೆಂದರೆ ತಂಡಕ್ಕೆ 58 ಪಂದ್ಯ ಆಗುತ್ತದೆ. ಸೋಮವಾರ ಬೆಳಗ್ಗೆ ಗಣಿಗೆ ಇಳಿಯಬೇಕಾದ ಮನುಷ್ಯನ ಮೈಗೆ ಅದು ಆಗದ ಮಾತು. ಅದಕ್ಕೇ ತಂಡಕ್ಕೆ 36 ಪಂದ್ಯ ಅಂತ ಮಾಡಿದ್ದರು.

ಆ 36 ಯಾರ ಜೊತೆ? ಉತ್ತರ ಇಂಗ್ಲೆಂಡಿನಲ್ಲಿ ಪೆನ್ನೈನ್ ಅಂತ ಒಂದು ಬೆಟ್ಟಸಾಲು ಇದೆ. ಅದರ ಪೂರ್ವಕ್ಕೆ ಯಾರ್ಕ್‌ಶೈರ್, ಪಶ್ಚಿಮಕ್ಕೆ ಲ್ಯಾಂಕಶೈರ್. ಹ್ಯಾಲಿಫ್ಯಾಕ್ಸ್ ಪೂರ್ವದ್ದು, ವಾರಿಂಗ್ಟನ್ ಪಶ್ಚಿಮದ್ದು. ಪ್ರತಿ ತಂಡವೂ ಹೆಚ್ಚಿನ ಪಂದ್ಯಗಳನ್ನು ತನ್ನ ಕಡೆಯ ತಂಡಗಳ ಜೊತೆಗೇ ಆಡುತ್ತಿತ್ತು. ಬೆಟ್ಟದ ಆಚೆಯವರ ಜೊತೆ ಕೆಲವೇ ಕೆಲವು. ಬಸ್ಸಿನ ಖರ್ಚು ಉಳಿಯುತ್ತದೆ, ಪಕ್ಕದೂರಿನವರ ಮೇಲಿನ ಹಳೇ ಹಗೆಯಿಂದ ಗೇಟಿನಲ್ಲಿ ಕಾಸೂ ಜಾಸ್ತಿ ಬೀಳುತ್ತದೆ.

ಹ್ಯಾಲಿಫ್ಯಾಕ್ಸ್ ತಂಡ ಪಕ್ಕದ ಹಡರ್ಸ್‌ಫೀಲ್ಡ್ ಮೇಲೆ ಗೆದ್ದಿತು ಅಂದುಕೊಳ್ಳಿ. ಆ ಗೆಲುವಿನ ಅಂಕ 30 ತಂಡಗಳ ದೊಡ್ಡ ಪಟ್ಟಿಗೂ ಹೋಗುತ್ತದೆ, ಯಾರ್ಕ್‌ಶೈರ್ ಲೀಗ್ ಅನ್ನುವ ಸಣ್ಣ ಪಟ್ಟಿಗೂ ಹೋಗುತ್ತದೆ. ಅದೇ ಬೆಟ್ಟದಾಚೆಯ ವಿಗನ್ ಮೇಲೆ ಗೆದ್ದರೆ ದೊಡ್ಡ ಪಟ್ಟಿಗೆ ಮಾತ್ರ. ಆಚೆ ಕಡೆಯವರಿಗೂ ಹೀಗೇ ಲ್ಯಾಂಕಶೈರ್ ಲೀಗ್ ಅಂತ ಒಂದು ಪಟ್ಟಿ. ಬೇರೆ ಪಂದ್ಯ ಆಡದೆಯೇ ಒಂದು ಟ್ರೋಫಿ ಜಾಸ್ತಿ. ಆ ವರ್ಷ ಯಾರ್ಕ್‌ಶೈರ್ ಲೀಗ್ ಹ್ಯಾಲಿಫ್ಯಾಕ್ಸ್‌ಗೆ ಬಂತು, ಲ್ಯಾಂಕಶೈರ್ ಲೀಗ್ ವಾರಿಂಗ್ಟನ್‌ಗೆ.

ಇಲ್ಲಿ ಒಂದು ತೊಡಕಿದೆ. ಎಲ್ಲರೂ ಎಲ್ಲರ ಜೊತೆ ಆಡಿಲ್ಲ ಅಂದಮೇಲೆ ದೊಡ್ಡ ಪಟ್ಟಿಯನ್ನು ಎಷ್ಟು ನಂಬುವುದು? ಒಬ್ಬನ ಪಾಲಿಗೆ ಸುಲಭದ ಎದುರಾಳಿಗಳು ಬಂದಿರಬಹುದು, ಇನ್ನೊಬ್ಬನಿಗೆ ಗಟ್ಟಿ ಕುಳಗಳೇ ಬಂದಿರಬಹುದು. ಈ ತಕರಾರಿಗೆ 1906–07ರಿಂದ ಒಂದು ಪರಿಹಾರ ಮಾಡಿಕೊಂಡಿದ್ದರು. ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್. ಒಂದನೆಯದಕ್ಕೆ ನಾಲ್ಕನೆಯದು ಎದುರಾಳಿ, ಎರಡನೆಯದಕ್ಕೆ ಮೂರನೆಯದು. ಗೆದ್ದ ಇಬ್ಬರಿಗೆ ಬೇರೆ ಊರಿನ ಮೈದಾನದಲ್ಲಿ ಫೈನಲ್. ಅದರಲ್ಲಿ ಗೆದ್ದವನೇ ಚಾಂಪಿಯನ್. ಈ ಪದ್ಧತಿಯಲ್ಲಿ ಮೊಟ್ಟಮೊದಲು, 1907ರಲ್ಲಿ, ಚಾಂಪಿಯನ್ ಆದದ್ದು ಯಾರು ಗೊತ್ತಾ? ಹ್ಯಾಲಿಫ್ಯಾಕ್ಸ್.

ಇದೆಲ್ಲದರ ಪಕ್ಕದಲ್ಲಿ ನಾಕೌಟ್ ಕಪ್‌ಗಳು ಬೇರೆ. ಎರಡೂ ಕಡೆಗೆ ಒಂದೊಂದು ಕೌಂಟಿ ಕಪ್. ಆ ವರ್ಷ ಲ್ಯಾಂಕಶೈರ್ ಕಪ್ ಸೇಂಟ್ ಹೆಲೆನ್ಸ್‌ಗೆ, ಯಾರ್ಕ್‌ಶೈರ್ ಕಪ್ ಬ್ರಾಡ್‌ಫರ್ಡ್ ನಾರ್ದರ್ನ್‌ಗೆ ಹೋದವು. ಎಲ್ಲಕ್ಕಿಂತ ಮೇಲೆ ಚಾಲೆಂಜ್ ಕಪ್. 1897ರಿಂದ ನಡೆದುಬಂದ ಈ ಕಪ್‌ನ ಫೈನಲ್ಲನ್ನು 1929ರಲ್ಲಿ ಲಂಡನ್ನಿನ ವೆಂಬ್ಲಿಗೆ ಒಯ್ದರು. ಉತ್ತರದ ಕಾರ್ಮಿಕರಿಗೆ ಅದೊಂದು ಜಾತ್ರೆ. ವರ್ಷವಿಡೀ ಚಿಲ್ಲರೆ ಕೂಡಿಟ್ಟು, ಟೋಪಿಗೆ ತಂಡದ ಬಣ್ಣದ ರಿಬ್ಬನ್ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ತಮ್ಮ ತಂಡ ಫೈನಲ್‌ಗೆ ಬರದಿದ್ದರೂ ಹೋಗುವವರಿದ್ದರು.

ಆಗಸ್ಟ್‌ನಿಂದ ಮೇ ತನಕ ಇಷ್ಟೆಲ್ಲ ಏಕಕಾಲಕ್ಕೆ ನಡೆಯುತ್ತಿದ್ದರೆ ಕೊನೆಯ ಎರಡು ವಾರ ಹೇಗಿರುತ್ತದೆ ಊಹಿಸಿ. ಕಪ್ ಫೈನಲ್ಲೂ ಆಗಲೇ, ಚಾಂಪಿಯನ್‌ಶಿಪ್ ಫೈನಲ್ಲೂ ಆಗಲೇ. ಎರಡಕ್ಕೂ ಅವೇ ಎರಡು ತಂಡ ಬಂದರೆ? ಕಪ್ ಫೈನಲ್ ಡ್ರಾ ಆಗಿ ಇನ್ನೊಮ್ಮೆ ಆಡಬೇಕಾಗಿ ಬಂದರೆ? 1954ರಲ್ಲಿ ಎರಡೂ ಆಯಿತು.

ಎರಡು ಊರು

ವಾರಿಂಗ್ಟನ್ ಇದ್ದದ್ದು ಮರ್ಸಿ ನದಿಯ ದಂಡೆಯಲ್ಲಿ. ತಂತಿ ಎಳೆಯುವ ಕಾರ್ಖಾನೆಗಳ ಊರು. ತಂಡದ ಅಡ್ಡಹೆಸರೂ ಅದೇ: ‘ದಿ ವೈರ್’. ಹ್ಯಾಲಿಫ್ಯಾಕ್ಸ್ ಬೆಟ್ಟದ ಇಳಿಜಾರಿನಲ್ಲಿರುವ ಗಿರಣಿ ಊರು. ಕ್ರಾಸ್ಲಿ ಕಾರ್ಪೆಟ್, ಮ್ಯಾಕಿಂಟಾಷ್ ಟಾಫಿ ಎರಡೂ ಅಲ್ಲಿಯವೇ. ಯುದ್ಧಕಾಲದಿಂದ ಇದ್ದ ಮಿಠಾಯಿ ರೇಷನ್ ಬ್ರಿಟನ್ನಿನಲ್ಲಿ ಹೋದದ್ದು 1953ರ ಫೆಬ್ರವರಿಯಲ್ಲಿ. ಅಂದರೆ ಈ ಸೀಸನ್ ಶುರುವಾಗುವಾಗ ಹ್ಯಾಲಿಫ್ಯಾಕ್ಸ್‌ನ ಮಕ್ಕಳಿಗೆ ಅವರೂರಿನ ಟಾಫಿ ಕೂಪನ್ ಇಲ್ಲದೆ ಸಿಗತೊಡಗಿ ಇನ್ನೂ ವರ್ಷವೂ ಆಗಿರಲಿಲ್ಲ. ಮಾಂಸಕ್ಕೆ ರೇಷನ್ ಕಾರ್ಡು 1954ರ ಜುಲೈ ತನಕ ಬೇಕಿತ್ತು. ಆ ಎರಡು ಊರಿನ ಗಂಡಾಳುಗಳು ಏಪ್ರಿಲ್, ಮೇ ತಿಂಗಳಲ್ಲಿ ಮೂರು ಫೈನಲ್ ನೋಡಲು ಓಡಾಡುತ್ತಿದ್ದಾಗ ಮನೆಯಲ್ಲಿ ಮಾಂಸ ಇನ್ನೂ ಅಳತೆಯಲ್ಲೇ ಇತ್ತು.

ಯುದ್ಧ ಮುಗಿದ ಮೇಲೆ ಜನಕ್ಕೆ ಮನರಂಜನೆಯ ಹಸಿವು ವಿಪರೀತ. ಕೈಯಲ್ಲಿ ಒಂದಿಷ್ಟು ಕಾಸು, ಕೊಳ್ಳಲು ಅಂಗಡಿಯಲ್ಲಿ ಸಾಮಾನಿಲ್ಲ, ಮನೆಯಲ್ಲಿ ಟಿವಿ ಇಲ್ಲ. 1940ರ ದಶಕದ ಕೊನೆಯಲ್ಲಿ ಒಂದು ಸೀಸನ್ನಿಗೆ 65 ಲಕ್ಷಕ್ಕೂ ಜಾಸ್ತಿ ಜನ ರಗ್ಬಿ ಲೀಗ್ ನೋಡಿದ್ದಾರೆ.

ಆಟಗಾರರಲ್ಲಿ ಇಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇಬ್ಬರೂ ವಾರಿಂಗ್ಟನ್‌ನವರು, ಇಬ್ಬರೂ ಆಸ್ಟ್ರೇಲಿಯಾದಿಂದ ಬಂದವರು.

ಬ್ರಯಾನ್ ಬೆವನ್. ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದ ನೌಕಾಪಡೆಯ ಹಡಗಿನಲ್ಲಿ ಬಾಯ್ಲರಿಗೆ ಬೆಂಕಿ ಒಟ್ಟುವ ಕೆಲಸದಲ್ಲಿದ್ದ. ಹಡಗಿನ ಜೊತೆ ಇಂಗ್ಲೆಂಡಿಗೆ ಬಂದವನನ್ನು ಮೊದಲು ನೋಡಿದವರು ಇವನು ಆಗುವುದಿಲ್ಲ ಅಂತ ಬಿಟ್ಟರು. ಅದು ಅವರ ತಪ್ಪೂ ಅಲ್ಲ. ಕಡ್ಡಿಯಂಥ ಮೈ, ಬೋಳು ತಲೆ, ಕಟ್ಟಿಸಿದ ಹಲ್ಲು, ಮಂಡಿಗೆಲ್ಲ ಬ್ಯಾಂಡೇಜು. ಹಲ್ಲುಸೆಟ್ಟು ಬಿಚ್ಚಿಟ್ಟು ಮೈದಾನಕ್ಕೆ ಇಳಿದರೆ ಇವನನ್ನು ಯಾರು ಆಟಗಾರ ಅಂತಾರೆ? ಆದರೆ ಚೆಂಡು ಸಿಕ್ಕರೆ ಹಿಡಿಯುವವರಿಲ್ಲ. ಮುಂದೆ ದಾರಿಯಿಲ್ಲದಿದ್ದರೆ ಹಿಂದಕ್ಕೆ ಓಡಿ, ಮೈದಾನದ ಅಡ್ಡಕ್ಕೆ ಸುತ್ತಿ, ಆಚೆ ಮೂಲೆಯಲ್ಲಿ ಟ್ರೈ ಮಾಡಿ ಬರುತ್ತಿದ್ದ. ಇಡೀ ವೃತ್ತಿಯಲ್ಲಿ 796 ಟ್ರೈ. ಆ ದಾಖಲೆ ಇವತ್ತಿಗೂ ಹಾಗೇ ಇದೆ. 1952–53ರ ಒಂದೇ ಸೀಸನ್ನಿನಲ್ಲಿ 72, ನಾವು ಮಾತಾಡುತ್ತಿರುವ ಸೀಸನ್ನಿನಲ್ಲಿ 67.

ಇನ್ನೊಬ್ಬ ಹ್ಯಾರಿ ಬಾತ್. ದೊಡ್ಡ ಆಳು, ಫಾರ್ವರ್ಡ್, ಅಂದರೆ ಗುದ್ದಾಡುವ ಕೆಲಸದವನು. ಅದರ ಜೊತೆಗೆ ಗೋಲ್ ಒದೆಯುವುದೂ ಅವನದ್ದೇ. ಆ ಕಾಲದ ಒದೆತ ಇವತ್ತಿನ ಹಾಗಲ್ಲ. ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಒದ್ದು ಸಣ್ಣ ಗುಳಿ ಮಾಡಬೇಕು. ಅದರಲ್ಲಿ ಚೆಂಡನ್ನು ನಿಲ್ಲಿಸಬೇಕು. ನೇರ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನೇರ ಓಡಿಬಂದು, ಬೂಟಿನ ಗಟ್ಟಿ ಮೂತಿಯಿಂದ ಬಾರಿಸಬೇಕು. ಚೆಂಡು ಚರ್ಮದ್ದು. ಮಳೆಯಲ್ಲಿ ನೆನೆದರೆ ಕಲ್ಲಿನಷ್ಟು ಭಾರ. ಬೆವನ್‌ನ ಓಟ ನೋಡಲು ಜನ ಬರುತ್ತಿದ್ದರು ನಿಜ. ಆದರೆ ಈ ಎರಡು ವಾರದ ಕತೆ ಬಾತ್‌ನ ಬೂಟಿನದ್ದು. ಯಾಕೆ ಅಂತ ಲೆಕ್ಕ ಬಂದಾಗ ಗೊತ್ತಾಗುತ್ತದೆ.

ವೆಂಬ್ಲಿಯ 4–4

ಏಪ್ರಿಲ್ 24ರಂದು ವೆಂಬ್ಲಿಯಲ್ಲಿ 81,841 ಜನ. ಅವರು ನೋಡಿದ್ದು ಒಂದೂ ಟ್ರೈ ಇಲ್ಲದ ಫೈನಲ್. ಗ್ರಿಫಿತ್ಸ್ ಎರಡು ಗೋಲ್ ಒದ್ದ, ಬಾತ್ ಎರಡು ಗೋಲ್ ಒದ್ದ. 4–4. ಕಪ್ ಫೈನಲ್ ವೆಂಬ್ಲಿಗೆ ಬಂದ ಮೇಲೆ ಡ್ರಾ ಆದದ್ದು ಅದೇ ಮೊದಲು.

ಟ್ರೈ ಬಾರದೇ ಇರಲು ಕಾರಣ ನಿಯಮದಲ್ಲೇ ಇತ್ತು. ಇವತ್ತು ರಗ್ಬಿ ಲೀಗ್‌ನಲ್ಲಿ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ ಹೋಗುತ್ತದೆ. 1954ರಲ್ಲಿ ಆ ಮಿತಿಯೇ ಇರಲಿಲ್ಲ. 1966ರಲ್ಲಿ ನಾಲ್ಕು ಅಂತ ತಂದರು, 1972ರಲ್ಲಿ ಆರು ಮಾಡಿದರು. ಅದಕ್ಕೂ ಮೊದಲು ಚೆಂಡು ಸಿಕ್ಕ ತಂಡ ಬಿಡದೆ ಹಿಡಿದುಕೊಂಡು ಇಂಚಿಂಚೇ ಮುಂದೆ ನೂಕಬಹುದಿತ್ತು. ಫೈನಲ್ ಅಂದಮೇಲೆ ತಪ್ಪು ಮಾಡುವ ಭಯ ಬೇರೆ. ಎರಡೂ ತಂಡ ಗಟ್ಟಿಯಾಗಿ ಕಾದವು, ತಪ್ಪು ಮಾಡಿದವನ ಮೇಲೆ ಪೆನಾಲ್ಟಿ ಬಿತ್ತು, ಆ ಪೆನಾಲ್ಟಿಗೆ ಗೋಲ್ ಬಂತು. ಅಷ್ಟೇ ಆಟ. ಬದಲಿ ಆಟಗಾರರೂ ಇಲ್ಲ. ಗಾಯವಾದರೆ ಉಳಿದ 12 ಜನವೇ ಆಡಬೇಕು, ಹಾಗಾಗಿ ಕುಂಟುತ್ತಾದರೂ ಮೂಲೆಯಲ್ಲಿ ನಿಂತಿರುತ್ತಿದ್ದರು.

ರೈಲು ಹತ್ತಿ ಲಂಡನ್ನಿಗೆ ಬಂದವರು ಬೇಜಾರು ಮಾಡಿಕೊಂಡೇ ವಾಪಸಾದರು.

ಬಟ್ಟಲಿನೊಳಗೆ ಒಂದು ಲಕ್ಷ ಜನ

ಇಂಥ ಪಂದ್ಯವನ್ನು ಇನ್ನೊಮ್ಮೆ ನೋಡಲು ಯಾರು ಬರುತ್ತಾರೆ? ಅದೂ ಬುಧವಾರ, ಕೆಲಸದ ದಿನ, ಸಂಜೆ.

ಮರುಪಂದ್ಯವನ್ನು ಇಟ್ಟುಕೊಂಡದ್ದು ಬ್ರಾಡ್‌ಫರ್ಡ್‌ನ ಓಡ್ಸಲ್ ಮೈದಾನದಲ್ಲಿ. ಈ ಮೈದಾನದ ಹುಟ್ಟೇ ವಿಚಿತ್ರ. ಅದೊಂದು ದೊಡ್ಡ ತಗ್ಗು, ಊರಿನ ಕಸ ಸುರಿಯುತ್ತಿದ್ದ ಜಾಗ. ಆ ಕಸವನ್ನೇ ಸುತ್ತಲೂ ಒಡ್ಡಿನ ಹಾಗೆ ಪೇರಿಸಿ, ಮೆಟ್ಟಿಲು ಮಾಡಿ, 1934ರಲ್ಲಿ ಮೈದಾನ ಅಂತ ತೆರೆದರು. ಮೇಲಿನಿಂದ ನೋಡಿದರೆ ನೆಲದಲ್ಲಿ ಹೂತಿಟ್ಟ ಬಟ್ಟಲು. ಆಟಗಾರರ ಕೋಣೆ ಬಟ್ಟಲಿನ ಅಂಚಿನಲ್ಲಿ, ಆಟ ಅದರ ತಳದಲ್ಲಿ. ಇಳಿಯುವ ದಾರಿ ಜನರ ನಡುವಿನ ಮೆಟ್ಟಿಲು. ಆಟಕ್ಕೆ ಇಳಿಯುವಾಗ ಬೆನ್ನು ತಟ್ಟಿಸಿಕೊಳ್ಳಬೇಕು, ಸೋತು ಹತ್ತುವಾಗ ಬೈಗುಳ ಕೇಳಿಸಿಕೊಳ್ಳಬೇಕು. ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲ.

ಹ್ಯಾಲಿಫ್ಯಾಕ್ಸ್‌ನಿಂದ ಓಡ್ಸಲ್ ಹತ್ತು ಹನ್ನೆರಡು ಕಿಲೋಮೀಟರ್. ವಾರಿಂಗ್ಟನ್‌ನವರು ಬೆಟ್ಟ ದಾಟಿ ಬರಬೇಕು. ಆಗ ಮೋಟರ್‌ವೇ ಅನ್ನುವುದು ಬ್ರಿಟನ್ನಿನಲ್ಲೇ ಇರಲಿಲ್ಲ. ಮೊದಲನೆಯ ತುಣುಕು ಬಂದದ್ದು 1958ರಲ್ಲಿ. ಊರೂರ ನಡುವೆ ಹಾದುಹೋಗುವ ಕಿರಿದಾದ ರಸ್ತೆಗಳು. ಮೇ 5ರ ಮಧ್ಯಾಹ್ನದಿಂದಲೇ ಆ ರಸ್ತೆಗಳ ಮೇಲೆ ಬಸ್ಸಿನ ಹಿಂದೆ ಬಸ್ಸು. ಎರಡು ಊರಿನವರು ಮಾತ್ರ ಅಲ್ಲ, ಉತ್ತರದ ಎಲ್ಲ ಕಡೆಯವರೂ ಹೊರಟಿದ್ದರು. ಲಂಡನ್ನಿಗೆ ಹೋಗಲು ಕಾಸಿಲ್ಲದವರಿಗೆಲ್ಲ ಫೈನಲ್ ಮನೆ ಬಾಗಿಲಿಗೆ ಬಂದಿತ್ತು. ಆಟ ಶುರುವಾದ ಮೇಲೂ ಜನ ಬರುತ್ತಲೇ ಇದ್ದರು.

ಗೇಟಿನಲ್ಲಿ ಎಣಿಸಿದ ಲೆಕ್ಕ 1,02,569. ಆಗ ಹ್ಯಾಲಿಫ್ಯಾಕ್ಸ್‌ನ ಜನಸಂಖ್ಯೆಯೂ ಒಂದು ಲಕ್ಷ ಮುಟ್ಟಿರಲಿಲ್ಲ, ವಾರಿಂಗ್ಟನ್ ಅದಕ್ಕಿಂತ ಚಿಕ್ಕದು. ಆಡುತ್ತಿದ್ದ ಎರಡು ಊರುಗಳಲ್ಲಿ ಯಾವುದನ್ನು ಪೂರ್ತಿ ಖಾಲಿ ಮಾಡಿ ತಂದರೂ ಅಷ್ಟು ಜನ ಆಗುತ್ತಿರಲಿಲ್ಲ. ಬೇಲಿ ಹಾರಿ ಒಳಗೆ ಬಂದವರು ಈ ಲೆಕ್ಕದಲ್ಲಿಲ್ಲ. ಅವರನ್ನೂ ಸೇರಿಸಿದರೆ 1,20,000 ಇದ್ದಿರಬೇಕು ಅಂತ ಹೇಳುವವರು ತುಂಬ ಜನ. ರಗ್ಬಿ ಲೀಗ್ ನೋಡಲು ಜಗತ್ತಿನಲ್ಲಿ ಎಲ್ಲಿಯೂ ಅಷ್ಟು ಜನ ಸೇರಿರಲಿಲ್ಲ. ಆ ಲೆಕ್ಕ ಮುರಿದದ್ದು 45 ವರ್ಷದ ನಂತರ, 1999ರಲ್ಲಿ, ಒಲಿಂಪಿಕ್ಸ್‌ಗೆ ಅಂತ ಕಟ್ಟಿದ ಸಿಡ್ನಿಯ ಹೊಸ ಸ್ಟೇಡಿಯಂನಲ್ಲಿ.

ಈ ಸಂಖ್ಯೆ ನೋಡಿ ಹಿಗ್ಗುವವರೇ ಹೆಚ್ಚು. ನನಗೆ ಮಾತ್ರ ಎದೆ ಝಲ್ ಅನ್ನುತ್ತದೆ. ಅದಕ್ಕೂ ಎಂಟು ವರ್ಷ ಮೊದಲು, 1946ರ ಮಾರ್ಚ್‌ನಲ್ಲಿ, ಅದೇ ಉತ್ತರ ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ನುಗ್ಗಿದ ಜನರ ಒತ್ತಡಕ್ಕೆ ಸಿಕ್ಕಿ 33 ಮಂದಿ ಸತ್ತಿದ್ದರು. ಓಡ್ಸಲ್‌ನಲ್ಲಿ ಅದಕ್ಕಿಂತ ಜಾಸ್ತಿ ಜನ, ಕಸದ ಒಡ್ಡಿನ ಮೇಲೆ, ಕತ್ತಲಾಗುವ ಹೊತ್ತಿನಲ್ಲಿ. ಅಂಥದ್ದೇನೂ ಆಗಲಿಲ್ಲ ಅನ್ನುವುದೇ ಪುಣ್ಯ.

ಆಟ ಈ ಸಲ ಆಟದ ಹಾಗೆ ಇತ್ತು. ಮೊದಲ ಅವಧಿಯಲ್ಲೇ ವಾರಿಂಗ್ಟನ್‌ನ ಜಿಮ್ ಚಾಲಿನರ್ ಟ್ರೈ ಮಾಡಿದ. ಗ್ರಿಫಿತ್ಸ್ ಮತ್ತೆ ಎರಡು ಗೋಲ್ ಒದ್ದ. ಬಾತ್ ಒಂದು ಒದ್ದ. ಆಮೇಲೆ ಗೆರಿ ಹೆಲ್ಮ್. ಕುಳ್ಳ, ಚುರುಕು, ಸ್ಕ್ರಮ್ (ಎರಡೂ ಕಡೆಯ ಫಾರ್ವರ್ಡ್‌ಗಳು ತಲೆ ತಗ್ಗಿಸಿ ಚೆಂಡಿಗಾಗಿ ನೂಕಾಡುವ ಗುಂಪು) ಹಿಂದಿನಿಂದ ಚೆಂಡು ಎತ್ತಿ ಹಂಚುವ ಕೆಲಸದವನು. ಎರಡನೇ ಅವಧಿಯಲ್ಲಿ ಚೆಂಡು ಎತ್ತಿದವನು ಯಾರಿಗೂ ಹಂಚಲಿಲ್ಲ. ತಾನೇ ಹಿಡಿದುಕೊಂಡು, ಅತ್ತ ಹೋದಂತೆ ಮಾಡಿ ಇತ್ತ ನುಸುಳಿ, ಹ್ಯಾಲಿಫ್ಯಾಕ್ಸ್‌ನ ಆಳುಗಳನ್ನು ಹಿಂದೆ ಬಿಟ್ಟು ಗೆರೆ ದಾಟಿದ. 8–4. ಫೈನಲ್ಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಲ್ಯಾನ್ಸ್ ಟಾಡ್ ಟ್ರೋಫಿ ಅವನಿಗೇ ಬಂತು. 1950ರಲ್ಲೂ ಅವನೇ ಗೆದ್ದಿದ್ದ. ಅದನ್ನು ಎರಡು ಸಲ ಗೆದ್ದ ಮೊದಲಿಗ ಅವನು.

ಹ್ಯಾಲಿಫ್ಯಾಕ್ಸ್‌ನವರಿಗೆ ಮಾತ್ರ ಹೆಲ್ಮ್‌ಗಿಂತ ಹೆಚ್ಚು ನೆನಪಿದ್ದ ಹೆಸರು ರೆಫರಿ ರಾನ್ ಗೆಲ್ಡರ್. ವಿಂಗರ್ ಡೇನಿಯಲ್ಸ್ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದೆ ಅಂದ. ಗೆಲ್ಡರ್ ಇಲ್ಲ ಅಂದರು. ಟಿವಿ ಅಂಪೈರ್ ಇಲ್ಲದ ಕಾಲ, ರೆಫರಿ ಹೇಳಿದ್ದೇ ಕೊನೆ. ಆದರೆ ಮಾತು ಅಲ್ಲಿಗೆ ಮುಗಿಯುತ್ತದೆಯೇ? ಹ್ಯಾಲಿಫ್ಯಾಕ್ಸ್‌ನ ಪಬ್‌ಗಳಲ್ಲಿ ಆ ಟ್ರೈಯನ್ನು ಆಮೇಲೆ ಎಷ್ಟು ಸಾವಿರ ಸಲ ಕೊಟ್ಟಿರಬಹುದೋ.

ಮಾರನೇ ದಿನ, ಮೇ 6, ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಅನ್ನುವ ವೈದ್ಯ ವಿದ್ಯಾರ್ಥಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ನಾಲ್ಕು ನಿಮಿಷದ ಗೋಡೆ ಬಿತ್ತು, ಜಗತ್ತೆಲ್ಲ ಅದೇ ಮಾತು. ಅಲ್ಲಿ ನೋಡಲು ಇದ್ದವರು ಸುಮಾರು ಮೂರು ಸಾವಿರ. ಹಿಂದಿನ ಸಂಜೆಯ ಲಕ್ಷದ ಲೆಕ್ಕ ಉತ್ತರದ ಆಚೆ ಯಾರಿಗೂ ನೆನಪಿಲ್ಲದ ಹಾಗಾಯಿತು.

ಮೇನ್ ರೋಡ್‌ನ 8–7

ಬುಧವಾರ ಓಡ್ಸಲ್. ಗುರುವಾರ, ಶುಕ್ರವಾರ ಎರಡು ದಿನ. ಶನಿವಾರ ಮೇ 8ಕ್ಕೆ ಚಾಂಪಿಯನ್‌ಶಿಪ್ ಫೈನಲ್, ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಮೇನ್ ರೋಡ್ ಮೈದಾನದಲ್ಲಿ. ಪಟ್ಟಿಯ ಮೊದಲಿಗ ಹ್ಯಾಲಿಫ್ಯಾಕ್ಸ್, ಎರಡನೆಯವ ವಾರಿಂಗ್ಟನ್. ಮೈ ನೋವು ಇಳಿಯುವ ಮೊದಲೇ ಮತ್ತೆ ಅವೇ ಮುಖ. ಈ ಸಲ 36,519 ಜನ. ಬುಧವಾರ ಬಂದವರಲ್ಲಿ ಮೂವರಿಗೆ ಒಬ್ಬರು ಬಂದ ಲೆಕ್ಕ. ಉಳಿದವರ ಜೇಬಿನಲ್ಲಿ ಕಾಸು ಮುಗಿದಿತ್ತೋ ಏನೋ.

ಹ್ಯಾಲಿಫ್ಯಾಕ್ಸ್ ಒಂದು ಟ್ರೈ, ಎರಡು ಗೋಲ್ ಮಾಡಿತು. ಏಳು ಅಂಕ. ವಾರಿಂಗ್ಟನ್‌ಗೆ ಗೆರೆ ದಾಟಲೇ ಆಗಲಿಲ್ಲ. ಹ್ಯಾರಿ ಬಾತ್ ನಾಲ್ಕು ಸಲ ಗುಳಿ ತೋಡಿ ನಾಲ್ಕು ಗೋಲ್ ಒದ್ದ. ಎಂಟು ಅಂಕ. ಪಂದ್ಯದ ಒಂದೇ ಟ್ರೈ ಮಾಡಿದವರು ಸೋತರು, ಟ್ರೈ ಮಾಡದವರು ಚಾಂಪಿಯನ್ ಆದರು.

ಈಗ ಆ ಲೆಕ್ಕ. ಮೂರು ಪಂದ್ಯ, 240 ನಿಮಿಷ. ಎರಡೂ ಕಡೆ ಸೇರಿ ಮೂರೇ ಟ್ರೈ. ವಾರಿಂಗ್ಟನ್‌ನ ಒಟ್ಟು ಅಂಕ 20, ಹ್ಯಾಲಿಫ್ಯಾಕ್ಸ್‌ನದ್ದು 15. ಆ 20ರಲ್ಲಿ ಬಾತ್ ಒಬ್ಬನದ್ದೇ 14. ಆ ಸೀಸನ್ನಿನಲ್ಲಿ 67 ಟ್ರೈ ಮಾಡಿದ ಬೆವನ್‌ಗೆ ಈ ಮೂರರಲ್ಲಿ ಒಂದೂ ಸಿಗಲಿಲ್ಲ.

ಇನ್ನೊಂದು ಲೆಕ್ಕ ಸುಮ್ನೆ ಹಾಕಿ ನೋಡಿದೆ. ಆಗ ಟ್ರೈಗೆ 3 ಅಂಕ, ಗೋಲ್‌ಗೆ 2. ಅಂದರೆ ಗೆರೆ ದಾಟಲು ಮೈಮುರಿದು ದುಡಿದದ್ದಕ್ಕೂ, ಎದುರಾಳಿಯ ತಪ್ಪಿಗೆ ಸಿಕ್ಕ ಒದೆತಕ್ಕೂ ಒಂದೇ ಅಂಕದ ವ್ಯತ್ಯಾಸ. ಇದು ಸರಿಯಿಲ್ಲ ಅಂತ 1983ರಲ್ಲಿ ಟ್ರೈಗೆ 4 ಅಂಕ ಮಾಡಿದರು. ಆ ನಿಯಮ 1954ರಲ್ಲೇ ಇದ್ದಿದ್ದರೆ? ಓಡ್ಸಲ್‌ನಲ್ಲಿ ಏನೂ ಬದಲಾಗುತ್ತಿರಲಿಲ್ಲ, 10–4 ಆಗುತ್ತಿತ್ತು ಅಷ್ಟೇ. ಮೇನ್ ರೋಡ್‌ನಲ್ಲಿ ಮಾತ್ರ 8–8. ಇನ್ನೊಂದು ಡ್ರಾ. ಅವೇ 26 ಜನ ನಾಲ್ಕನೇ ಸಲ!

ನಾಲ್ಕನೇ ಸಲ ಅವರು ಆಡಿದ್ದು ನಿಜ, ಕಪ್ಪಿಗಲ್ಲ. ಆ ತಿಂಗಳ ಕೊನೆಗೆ ಈ ಎರಡೂ ತಂಡಗಳನ್ನು ಐರ್ಲೆಂಡಿಗೆ ಕರೆದುಕೊಂಡು ಹೋಗಿ, ರಗ್ಬಿ ಲೀಗ್ ಅಂದರೆ ಹೀಗಿರುತ್ತದೆ ಅಂತ ತೋರಿಸಲು ಬೆಲ್‌ಫಾಸ್ಟ್‌ನಲ್ಲಿ, ಡಬ್ಲಿನ್‌ನಲ್ಲಿ ಪ್ರದರ್ಶನ ಪಂದ್ಯ ಆಡಿಸಿದರು. ಅಷ್ಟು ಹೊತ್ತಿಗೆ ಅವರಿಗೆ ಒಬ್ಬರ ಮೈಯ ಗಾಯ ಇನ್ನೊಬ್ಬರಿಗೆ ಬಾಯಿಪಾಠ ಆಗಿರಬೇಕು.

ಆಮೇಲೆ

ಅದೇ ವರ್ಷದ ಕೊನೆಗೆ ಫ್ರಾನ್ಸ್‌ನಲ್ಲಿ ರಗ್ಬಿ ಲೀಗ್‌ನ ಮೊದಲ ವಿಶ್ವಕಪ್ ನಡೆಯಿತು. ಗೆದ್ದ ಬ್ರಿಟನ್ ತಂಡದಲ್ಲಿ ವಾರಿಂಗ್ಟನ್‌ನ ಹೆಲ್ಮ್, ಹ್ಯಾಲಿಫ್ಯಾಕ್ಸ್‌ನ ಥಾರ್ಲಿ ಇಬ್ಬರೂ ಇದ್ದರು.

ವಾರಿಂಗ್ಟನ್ 1955ರಲ್ಲಿ ಮತ್ತೆ ಚಾಂಪಿಯನ್ ಆಯಿತು. ಅದೇ ಕೊನೆ. ಕಪ್‌ಗಳು ಬಂದಿವೆ, ಫೈನಲ್‌ಗಳಿಗೆ ಹೋಗಿದ್ದಾರೆ, ಆದರೆ ಲೀಗ್ ಚಾಂಪಿಯನ್ ಪಟ್ಟ ಇಲ್ಲಿಯ ತನಕ ಮತ್ತೆ ಬಂದಿಲ್ಲ. ‘ಈ ಸಲ ಕಪ್ ನಮ್ದೇ’ ಅನ್ನುವ ಗೋಳು ಐಪಿಎಲ್ ಕಪ್‌ಗಾಗಿ 2025ರ ತನಕ ಕಾದ ಬೆಂಗಳೂರಿನವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ. ವಾರಿಂಗ್ಟನ್‌ನವರೂ ಪ್ರತಿ ವರ್ಷ ‘ಇದು ನಮ್ಮ ವರ್ಷ’ ಅಂತಲೇ ಶುರು ಮಾಡುತ್ತಾರೆ.

ಹ್ಯಾಲಿಫ್ಯಾಕ್ಸ್ ಎರಡೇ ವರ್ಷದಲ್ಲಿ, 1956ರಲ್ಲಿ, ಮತ್ತೆ ಎರಡೂ ಫೈನಲ್‌ಗೆ ಬಂತು. ವೆಂಬ್ಲಿಯಲ್ಲಿ ಸೇಂಟ್ ಹೆಲೆನ್ಸ್ 13–2ರಲ್ಲಿ ಸೋಲಿಸಿತು. ಚಾಂಪಿಯನ್‌ಶಿಪ್ ಫೈನಲ್ ಅದೇ ಮೇನ್ ರೋಡ್‌ನಲ್ಲಿ, ಹಲ್ ತಂಡದ ಎದುರು. ಕೊನೆಯ ನಿಮಿಷಗಳಲ್ಲಿ ಹ್ಯಾಲಿಫ್ಯಾಕ್ಸ್ ಮುಂದಿತ್ತು. ಆಗ ಹಲ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಕಾಲಿನ್ ಹಟನ್ ಒದ್ದ. 10–9.

ಒಂದೇ ಅಂಕ ಹ್ಯಾಲಿಫ್ಯಾಕ್ಸ್ ಕಡೆಗೆ ವಾಲಿದ್ದು 1987ರಲ್ಲಿ. ವೆಂಬ್ಲಿ, ಚಾಲೆಂಜ್ ಕಪ್ ಫೈನಲ್, ಎದುರಿಗೆ ಸೇಂಟ್ ಹೆಲೆನ್ಸ್. ಜಾನ್ ಪೆಂಡಲ್‌ಬರಿ ಆಟದ ನಡುವೆ ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದು ಒಂದು ಡ್ರಾಪ್ ಗೋಲ್ ಮಾಡಿದ. ಅಷ್ಟು ಹೊತ್ತಿಗೆ ಡ್ರಾಪ್ ಗೋಲ್‌ಗೆ ಇದ್ದದ್ದು ಬರೀ 1 ಅಂಕ. ಪಂದ್ಯ ಮುಗಿದಾಗ ಬೋರ್ಡಿನ ಮೇಲೆ ಹ್ಯಾಲಿಫ್ಯಾಕ್ಸ್ 19, ಸೇಂಟ್ ಹೆಲೆನ್ಸ್ 18.